ಮರಾಪಿ ಬೆಟ್ಟದ ಬುಡದ ಹಳ್ಳಿಯಲ್ಲಿ ಬದುಕು, ಮನೆ, ಜಮೀನು: ಪದೇ ಪದೇ ಕೇಳುವ ಪ್ರಶ್ನೆಗಳು

ಪಶ್ಚಿಮ ಸುಮಾತ್ರದ ಗುಡ್ಡಗಾಡಿನಲ್ಲಿ, ಮರಾಪಿ ಜ್ವಾಲಾಮುಖಿಯ ಇಳಿಜಾರಿನ ಒಂದು ಸಣ್ಣ ಹಳ್ಳಿಯಲ್ಲಿ ನಾನು ಕೆಲವು ಕೊಯ್ಲುಗಳ ಕಾಲ ಬಾಡಿಗೆ ಕೋಣೆಯಲ್ಲಿದ್ದೆ. ನಮ್ಮದು ತುಳುನಾಡು. ಅಜ್ಜಿಯ ಕಾಲದವರೆಗೂ ಅಳಿಯಕಟ್ಟು, ಅಂದರೆ ತಾಯಿಯ ಕಡೆಯಿಂದ ಆಸ್ತಿ ಇಳಿಯುವ ಪದ್ಧತಿ, ನಡೆಸಿದ ಮನೆ. ಹಾಗಾಗಿ ಅಲ್ಲಿನ ಆಸ್ತಿಯ ಪದ್ಧತಿ ಕೇಳಿದ ದಿನವೇ ನನಗೆ ಅದು ಬೇರೆಯವರ ಕಥೆ ಅನ್ನಿಸಲಿಲ್ಲ. ಊರಿಗೆ ಬಂದಾಗೆಲ್ಲ ನೆಂಟರು, ಗೆಳೆಯರು, ಪತ್ರ ಬರೆದವರು ಕೇಳುವ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಲ್ಲಿ ಸೇರಿಸಿದ್ದೇನೆ. ಹಳ್ಳಿಯ ಹೆಸರು ಹೇಳುವುದಿಲ್ಲ. ಅಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು.

## ಊರು, ಊಟ, ದಿನಚರಿ

ಅದು ಇಂಡೋನೇಷ್ಯಾದಲ್ಲಿ ಎಲ್ಲಿ ಬರುತ್ತೆ? ಬಾಲಿ ಹತ್ತಿರಾನಾ?

ಅಲ್ಲ, ಬಾಲಿಯಿಂದ ತುಂಬಾ ದೂರ. ಸುಮಾತ್ರ ದ್ವೀಪದ ಪಶ್ಚಿಮ ಕರಾವಳಿಯಲ್ಲಿ ಪಾದಾಂಗ್ ಅನ್ನುವ ಪಟ್ಟಣ ಇದೆ. ಅಲ್ಲಿಂದ ಆನೈ ಕಣಿವೆಯ ಘಾಟಿ ಹತ್ತಿ ಸುಮಾರು 90 ಕಿಲೋಮೀಟರ್ ಹೋದರೆ ಬುಕಿತ್ತಿಂಗಿ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರ, ರಾತ್ರಿ ಹೊದಿಕೆ ಬೇಕೇ ಬೇಕು. ಸುತ್ತ ಮರಾಪಿ, ಸಿಂಗಲಾಂಗ್, ಸಾಗೊ ಬೆಟ್ಟಗಳು. ಈ ಬೆಟ್ಟಗಳ ನಡುವಿನ ಅಗಾಮ್, ತಾನಾ ದಾತಾರ್, ಲಿಮಾ ಪುಲು ಕೋತಾ ಎಂಬ ಮೂರು ಸೀಮೆಗಳೇ ಮಿನಾಂಗ್‌ಕಬಾವ್ ಜನರ ಮೂಲ ನಾಡು. ಜಾವಾದ ಮೆರಾಪಿ ಬೇರೆ, ಇಲ್ಲಿನ ಮರಾಪಿ ಬೇರೆ. ಇಲ್ಲಿನದು ಹತ್ತಿರ ಹತ್ತಿರ 2,900 ಮೀಟರ್ ಎತ್ತರದ ಬೆಟ್ಟ, ಈಗಲೂ ಹೊಗೆಯಾಡುತ್ತದೆ.

'ನಗರಿ' ಅಂತೀರಿ, ಹಳ್ಳಿ ಅಂತೀರಿ. ಯಾವುದು ಸರಿ?

ಎರಡೂ ಸರಿ. ನಮಗೆ ನಗರಿ ಅಂದರೆ ದೊಡ್ಡ ಊರು, ಅವರಿಗೆ ಅದೇ ಪದ ಹಳ್ಳಿ. ಒಂದು ನಗರಿಯೊಳಗೆ 'ಜೊರೊಂಗ್' ಎಂಬ ಕೇರಿಗಳಿರುತ್ತವೆ. ಗದ್ದೆ, ಮಸೀದಿ, ಪಂಚಾಯಿತಿ ಕಟ್ಟೆ, ಸ್ನಾನದ ಜಾಗ ಇವೆಲ್ಲ ಇದ್ದರೆ ಮಾತ್ರ ಅದು ನಗರಿ ಅನ್ನುವುದು ಹಿರಿಯರ ಲೆಕ್ಕ.

ಈ ಹೆಸರಿಗೆ ಒಂದು ನೋವಿನ ಕಥೆ ಇದೆ. 1979ರಲ್ಲಿ ಸರ್ಕಾರ ಇಡೀ ದೇಶಕ್ಕೆ ಜಾವಾದ ಮಾದರಿಯ ಹಳ್ಳಿ ಆಡಳಿತದ ಕಾನೂನು ತಂದಿತು. ಆಮೇಲೆ ಇಲ್ಲಿನ ಕೇರಿಗಳೇ ಬೇರೆ ಬೇರೆ ಹಳ್ಳಿಗಳಾದವು, ನಗರಿ ಒಡೆದುಹೋಯಿತು. ಜಮೀನು ಇಡೀ ನಗರಿಯದ್ದು, ಆಡಳಿತ ಮಾತ್ರ ತುಂಡು ತುಂಡು. ಅಧ್ಯಕ್ಷ ಸುಹಾರ್ತೋ ಆಡಳಿತ ಮುಗಿದ ಮೇಲೆ, 2000ರಲ್ಲಿ, ಪ್ರಾಂತ್ಯದ ಶಾಸನ ಬಂದು ನಗರಿ ವಾಪಸ್ ಬಂತು. ಆ ದಿನಗಳನ್ನು ನೆನೆಸಿಕೊಳ್ಳುವಾಗ ಹಿರಿಯರ ದನಿ ಈಗಲೂ ಬದಲಾಗುತ್ತದೆ.

ಊಟಕ್ಕೆ ಏನು ಸಿಗುತ್ತೆ? ನಾನು ಸಸ್ಯಾಹಾರಿ.

ಅನ್ನ ಮೂರು ಹೊತ್ತೂ ಸಿಗುತ್ತದೆ. ಮರಗೆಣಸಿನ ಎಲೆಯ ಪಲ್ಯ, ಹಲಸಿನ ಕಾಯಿ ಸಾರು, ತೋಫು, ತೆಂಪೆ, ಖಾರದ ಮೆಣಸಿನ ಗೊಜ್ಜು ಇರುತ್ತವೆ. ತೆಂಗಿನ ಹಾಲು ಧಾರಾಳ. ಆದರೆ ಸಾರಿಗೆ ಒಣಮೀನೋ ಮಾಂಸದ ಚೂರೋ ಬಿದ್ದಿರಬಹುದು, ಮೊದಲೇ ಕೇಳಿಬಿಡಿ. ತಪ್ಪು ತಿಳಿಯುವುದಿಲ್ಲ.

ನೀವು ಬಿಡಬಾರದ್ದು 'ದಾದಿಯಾ'. ಎಮ್ಮೆಯ ಹಸಿ ಹಾಲನ್ನು ಬಿದಿರಿನ ಕೊಳವೆಗೆ ಹಾಕಿ, ಬಾಳೆಎಲೆಯಿಂದ ಬಾಯಿ ಕಟ್ಟಿ ಎರಡು ದಿನ ಇಡುತ್ತಾರೆ. ಹೆಪ್ಪು ಹಾಕುವುದಿಲ್ಲ, ಬಿದಿರಿನೊಳಗೇ ಗಟ್ಟಿಯಾಗಿ ಮೊಸರಾಗುತ್ತದೆ. ಅವಲಕ್ಕಿ, ಬೆಲ್ಲದ ಪಾಕ ಸೇರಿಸಿ ತಿನ್ನುತ್ತಾರೆ. ಮೊಸರವಲಕ್ಕಿ ತಿಂದು ಬೆಳೆದವರಿಗೆ ಒಂದು ತುತ್ತಿಗೇ ಊರು ನೆನಪಾಗುತ್ತದೆ.

ಕುಡಿಯಲು 'ಕಾವಾ ದಾವುನ್' ಇದೆ. ಕಾಫಿ ಎಲೆಯನ್ನು ಬೆಂಕಿಯ ಮೇಲೆ ಒಣಗಿಸಿ, ಕುದಿಸಿ, ತೆಂಗಿನ ಗರಟೆಯಲ್ಲಿ ಕೊಡುತ್ತಾರೆ. 1847ರಲ್ಲಿ ಡಚ್ಚರು ಇಲ್ಲಿ ಕಡ್ಡಾಯ ಕಾಫಿ ಬೆಳೆ ಹೇರಿದರು. ಬೀಜವೆಲ್ಲ ಅವರ ಉಗ್ರಾಣಕ್ಕೆ ಹೋಗಬೇಕಿತ್ತು. ಬೆಳೆದವರ ಪಾಲಿಗೆ ಉಳಿದದ್ದು ಎಲೆ.

ಯಾರನ್ನು ಏನಂತ ಕರೀಬೇಕು?

ನಿಮಗಿಂತ ಸ್ವಲ್ಪ ದೊಡ್ಡವನು 'ಉದಾ', ಅಂದರೆ ಅಣ್ಣ. ಅಕ್ಕ 'ಉನಿ'. ಚಿಕ್ಕಮ್ಮನ ವಯಸ್ಸಿನವರು 'ಏತೆಕ್'. ತಾಯಿಯ ಅಣ್ಣತಮ್ಮಂದಿರು 'ಮಾಮಾಕ್'. ಅಳಿಯನಾಗಿ ಮನೆಗೆ ಬಂದ ಗಂಡಸನ್ನು ಮಾತ್ರ ಹೆಸರು ಹಿಡಿದು ಕರೆಯಬೇಡಿ. ಮದುವೆಯಾದಾಗ ಅವನಿಗೆ ಒಂದು ಬಿರುದು ಬರುತ್ತದೆ, ಸುತಾನ್, ಮಾಲಿನ್ ಹೀಗೆ. ಹೆಂಡತಿಯ ಮನೆಯವರು ಆ ಬಿರುದಿನಿಂದಲೇ ಕರೆಯುತ್ತಾರೆ. ಚಿಕ್ಕವನಿದ್ದಾಗ ಹೆಸರು, ದೊಡ್ಡವನಾದ ಮೇಲೆ ಬಿರುದು ಅಂತ ಅವರಲ್ಲಿ ಗಾದೆಯೇ ಇದೆ.

ಜೀವನಕ್ಕೆ ಏನು ಮಾಡ್ತಾರೆ?

ಕೆಳಗಿನ ಮೆಟ್ಟಿಲುಗಳಲ್ಲಿ ಭತ್ತ. ಮೇಲಕ್ಕೆ ಹೋದಂತೆ ಮೆಣಸಿನಕಾಯಿ, ಎಲೆಕೋಸು, ಕ್ಯಾರೆಟ್, ಈರುಳ್ಳಿ. ಕಾಡಂಚಿನಲ್ಲಿ ದಾಲ್ಚಿನ್ನಿ ಮರ. ಮಗಳ ಮದುವೆಗೋ ಮಗನ ಕಾಲೇಜಿಗೋ ಅಂತ ಬೆಳೆಸಿಟ್ಟು, ಬೇಕಾದಾಗ ಕಡಿದು ತೊಗಟೆ ಸುಲಿದು ಮಾರುತ್ತಾರೆ. ವಾರಕ್ಕೊಮ್ಮೆ ಸಂತೆ. ಸಂತೆಯ ವಾರದ ಹೆಸರೇ ಊರ ಹೆಸರಾಗಿ ನಿಂತದ್ದೂ ಇದೆ. ಅಗಾಮ್ ಸೀಮೆಯ 'ಪಾಕಾನ್ ಸಿನಾಯಾನ್' ಅಂದರೆ ಸೋಮವಾರದ ಸಂತೆ.

ನಮಗೆ ನೇರ ನಂಟಿರುವ ಬೆಳೆ ಒಂದಿದೆ, ಗಂಬಿರ್. ಲಿಮಾ ಪುಲು ಕೋತಾ ಕಡೆ ಈ ಪೊದೆಯ ಎಲೆ ಬೇಯಿಸಿ, ಹಿಂಡಿ, ರಸ ಗಟ್ಟಿಮಾಡಿ, ಅಚ್ಚಿಗೆ ಹಾಕಿ ಒಣಗಿಸುತ್ತಾರೆ. ಅದರ ಬಹುಪಾಲು ಬರುವುದು ಭಾರತಕ್ಕೆ. ನಮ್ಮ ಎಲೆಅಡಿಕೆಗೆ ಹಾಕುವ ಕಾಚಿನ ಥರದ್ದೇ ವಸ್ತು. ಪಾನ್ ಮಸಾಲೆಗೆ ಹೋಗುತ್ತದೆ. ನಾನು ಭಾರತದವಳು ಅಂದಾಗ ಗಂಬಿರ್ ಬೇಯಿಸುವವರು ಕೇಳುವ ಮೊದಲ ಪ್ರಶ್ನೆ: "ನಿಮ್ಮವರು ಇದನ್ನು ಏನು ಮಾಡ್ತಾರೆ? ರೇಟು ಯಾಕೆ ಇಷ್ಟು ಏರಿಳಿಯುತ್ತೆ?" ಮೊದಲನೆಯದಕ್ಕೆ ಉತ್ತರ ಕೊಟ್ಟೆ. ಎರಡನೆಯದು ನನ್ನ ಕೈಲಾಗಲಿಲ್ಲ.

ಕೈಯಲ್ಲಿ ಕಾಸು ಸೇರಿಸಲು 'ಜುಲೊ-ಜುಲೊ' ಇದೆ. ನಮ್ಮ ಚೀಟಿಯೇ. ಹಣದಲ್ಲೂ ಹಾಕುತ್ತಾರೆ, ಕೂಲಿಯಲ್ಲೂ ಹಾಕುತ್ತಾರೆ. ಇವತ್ತು ಎಲ್ಲರೂ ನನ್ನ ಗದ್ದೆಗೆ, ನಾಳೆ ನಿನ್ನ ಗದ್ದೆಗೆ.

ಅಲ್ಲೂ ಕಂಬಳ ಇದೆಯಂತೆ?

ಕಂಬಳ ಅಲ್ಲ, 'ಪಾಚು ಜಾವಿ'. ತಾನಾ ದಾತಾರ್ ಸೀಮೆಯಲ್ಲಿ ಕೊಯ್ಲು ಮುಗಿದ ಕೆಸರು ಗದ್ದೆಯಲ್ಲಿ ಓಡಿಸುತ್ತಾರೆ. ಕೋಣ ಅಲ್ಲ, ಎತ್ತು. ಒಬ್ಬನೇ ಎರಡು ಎತ್ತಿನ ಬಾಲ ಹಿಡಿದು, ಮರದ ಹಲಗೆಯ ಮೇಲೆ ನಿಂತು ಹೋಗುತ್ತಾನೆ. ಒಮ್ಮೆಗೆ ಒಂದೇ ಜೋಡಿ ಓಡುತ್ತದೆ, ಪಕ್ಕದಲ್ಲಿ ಎದುರಾಳಿ ಇರುವುದಿಲ್ಲ. ನೇರವಾಗಿ ಓಡಿದ ಜೋಡಿಗೆ ಜಾಸ್ತಿ ಬೆಲೆ. ಕಂಬಳ ಕಂಡವರಿಗೆ ಆ ಕೆಸರಿನ ವಾಸನೆ ಹೊಸದಲ್ಲ.

ಜ್ವಾಲಾಮುಖಿ ಪಕ್ಕ ಇರೋಕೆ ಹೆದರಿಕೆ ಆಗಲ್ವಾ?

ಆಗುತ್ತದೆ. 2023ರ ಡಿಸೆಂಬರ್ 3ರಂದು ಮರಾಪಿ ದಿಢೀರನೆ ಸಿಡಿದಾಗ ಬೆಟ್ಟ ಹತ್ತಿದ್ದ 24 ಜನ ತೀರಿಕೊಂಡರು. ಬೆಟ್ಟದ ಮೇಲೆ ಬೂದಿ, ಕಲ್ಲು ಹಾಗೇ ಉಳಿದಿತ್ತು. 2024ರ ಮೇ 11ರ ರಾತ್ರಿ ಜೋರು ಮಳೆಗೆ ಅದೆಲ್ಲ ಹೊಳೆಗಳಲ್ಲಿ ಇಳಿದು ಬಂತು. ಅವರು ಅದನ್ನು 'ಗಾಲೋದೊ' ಅನ್ನುತ್ತಾರೆ. ಅಗಾಮ್, ತಾನಾ ದಾತಾರ್ ಕಡೆ 60ಕ್ಕೂ ಹೆಚ್ಚು ಜನ ಹೋದರು. ಆನೈ ಕಣಿವೆಯ ರಸ್ತೆ ಕಿತ್ತುಹೋಗಿ ಎರಡು ತಿಂಗಳ ಮೇಲೆ ಬಂದ್ ಆಗಿತ್ತು.

ಆದರೆ ಆ ಮಣ್ಣು ಅಷ್ಟು ಕಪ್ಪಾಗಿ, ಫಲವತ್ತಾಗಿರುವುದೂ ಅದೇ ಬೂದಿಯಿಂದ. ಮನೆ ಹಿಡಿಯುವವರಿಗೆ ನನ್ನ ಮಾತು ಇಷ್ಟೇ. ಹೊಳೆಯ ಪಕ್ಕ, ನೋಟ ಚೆನ್ನಾಗಿದೆ ಅಂತ ಹಿಡಿಯಬೇಡಿ. ಹಳೆಯ ಮನೆಗಳು ಎಲ್ಲಿ ನಿಂತಿವೆ ನೋಡಿ, ಅಲ್ಲೇ ಹತ್ತಿರ ಹುಡುಕಿ.

## ಮನೆ ಮತ್ತು ಮನೆಯವರು

ಆಸ್ತಿ ಎಲ್ಲಾ ಹೆಂಗಸರದ್ದಂತೆ, ನಿಜಾನಾ?

ಅರ್ಧ ನಿಜ. ಮಿನಾಂಗ್‌ಕಬಾವ್ ಜನರದ್ದು ಜಗತ್ತಿನ ಅತಿ ದೊಡ್ಡ ಮಾತೃವಂಶೀಯ ಸಮಾಜ. ಮಗು ತಾಯಿಯ 'ಸುಕು'ಗೆ ಸೇರುತ್ತದೆ. ನಮ್ಮ ತುಳುನಾಡಿನ 'ಬಳಿ', ಅಂದರೆ ತಾಯಿಯ ಕಡೆಯಿಂದ ಬರುವ ಗೋತ್ರದ ಥರ. ಒಂದೇ ಸುಕುವಿನೊಳಗೆ ಮದುವೆ ಇಲ್ಲ. ಹಿರಿಯರಿಂದ ಬಂದ ಗದ್ದೆ, ಮನೆ, ಮನೆಕಟ್ಟೆ ಇವಕ್ಕೆ 'ದೊಡ್ಡ ಪುಸಾಕೊ' ಅನ್ನುತ್ತಾರೆ. ಅದು ಅಜ್ಜಿಯಿಂದ ತಾಯಿಗೆ, ತಾಯಿಯಿಂದ ಮಗಳಿಗೆ ಇಳಿಯುತ್ತದೆ.

ಆದರೆ 'ಒಡತಿ' ಅನ್ನುವ ಪದ ಇಲ್ಲಿ ಸರಿಹೋಗುವುದಿಲ್ಲ. ಶುರುವಿನಲ್ಲಿ ನಾನು ಪ್ರತಿ ಗದ್ದೆ ಕಂಡಾಗಲೂ "ಇದು ಯಾರದ್ದು?" ಅಂತ ಕೇಳುತ್ತಿದ್ದೆ. ಯಾರೂ "ನಂದು" ಅನ್ನುತ್ತಿರಲಿಲ್ಲ. "ಇದನ್ನು ನಮ್ಮ ಏತೆಕ್ ಉಣ್ಣುತ್ತಾರೆ" ಅಂತಲೋ, "ಇದು ನಮ್ಮ ಅಜ್ಜಿಯ ಗದ್ದೆ" ಅಂತಲೋ ಹೇಳುತ್ತಿದ್ದರು. ಆ ಅಜ್ಜಿ ತೀರಿಹೋಗಿ ಎಷ್ಟೋ ವರ್ಷವಾಗಿರುತ್ತಿತ್ತು. ಗದ್ದೆ ಒಂದು ತಾಯಿಯ ವಂಶದ್ದು, ಅದಕ್ಕೆ 'ಕಾವುಮ್' ಅನ್ನುತ್ತಾರೆ. ನಮ್ಮ 'ಕುಟುಂಬ' ಇದ್ದಂತೆ. ಆ ಕಾವುಮ್‌ನ ಹೆಣ್ಣುಮಕ್ಕಳಿಗೆ ಒಬ್ಬೊಬ್ಬರಿಗೆ ಒಂದೊಂದು ತುಂಡು ಉಣ್ಣಲು ಹಂಚಿರುತ್ತದೆ. ಉಣ್ಣಬಹುದು, ಮಾರುವ ಹಾಗಿಲ್ಲ. ಯಾರದ್ದು ಅಂತ ಕೇಳುವುದನ್ನು ಬಿಟ್ಟು ಯಾರು ಉಣ್ಣುತ್ತಾರೆ ಅಂತ ಕೇಳಲು ಶುರುಮಾಡಿದ ಮೇಲೆ ನನಗೆ ಹಳ್ಳಿ ಅರ್ಥವಾಗತೊಡಗಿತು.

ಹಾಗಾದ್ರೆ ಗಂಡಸರಿಗೆ ಅಲ್ಲಿ ಏನು ಕೆಲಸ?

ಒಬ್ಬ ಗಂಡಸಿಗೆ ಅಲ್ಲಿ ಎರಡು ಮನೆ. ಹುಟ್ಟಿದ ಮನೆಯಲ್ಲಿ ಅವನು ಮಾಮಾಕ್, ಅಂದರೆ ಸೋದರಮಾವ. ಅಕ್ಕತಂಗಿಯರ ಮಕ್ಕಳ ಓದು, ಮದುವೆ, ಜಗಳ, ಜಮೀನು ಎಲ್ಲಕ್ಕೂ ಅವನ ಮಾತು ಬೇಕು. ಹೆಂಡತಿಯ ಮನೆಯಲ್ಲಿ ಅವನು 'ಸುಮಾಂಡೊ'. ಗೌರವದ ಅತಿಥಿ. ಕಡಿದ ಮರದ ಬುಡದ ಮೇಲಿನ ಬೂದಿ ಅಂತ ಹಳೆಯವರು ಅವನನ್ನು ವರ್ಣಿಸುತ್ತಿದ್ದರು. ಗಾಳಿ ಬೀಸಿದರೆ ಹಾರಿಹೋಗುವುದು. ಈಗ ಹಾಗೇನಿಲ್ಲ. ಗಂಡ, ಹೆಂಡತಿ, ಮಕ್ಕಳು ಬೇರೆ ಮನೆ ಕಟ್ಟಿಕೊಂಡಿರುವುದೇ ಜಾಸ್ತಿ, ಅಪ್ಪನೇ ಸಂಸಾರ ನಡೆಸುತ್ತಾನೆ.

"ಮಗುವನ್ನು ಮಡಿಲಲ್ಲಿ ಕೂರಿಸಿಕೋ, ಅಕ್ಕನ ಮಗುವಿನ ಕೈ ಹಿಡಿದು ನಡೆಸು" ಅನ್ನುವ ಮಾತು ಅಲ್ಲಿ ಎಲ್ಲರ ಬಾಯಲ್ಲಿದೆ. ಎರಡೂ ಕೈ ತುಂಬಿದ ಗಂಡಸಿನ ಚಿತ್ರ ಅದು. ಸುಕುವಿನ ಮುಖ್ಯಸ್ಥ 'ಪಂಗುಲು' ಕೂಡ ಗಂಡಸೇ, 'ದಾತುಕ್' ಅನ್ನುವ ಬಿರುದು ಅವನಿಗೆ ತಾಯಿಯ ಕಡೆಯಿಂದಲೇ ಬರುತ್ತದೆ. ಆದರೆ ಹಿರಿಯ ಹೆಂಗಸರು ಒಪ್ಪದೆ ಜಮೀನಿನ ವಿಚಾರದಲ್ಲಿ ಅವನು ಒಂದು ಹೆಜ್ಜೆ ಇಡಲಾರ.

ಕೊಂಬಿನ ಥರ ಚಾವಣಿ ಇರೋ ಮನೇಲಿ ಯಾರು ಇರ್ತಾರೆ?

ಅದು 'ರುಮಾ ಗದಾಂಗ್', ದೊಡ್ಡ ಮನೆ. ನಮ್ಮ ಗುತ್ತುಮನೆ ನೆನಪಿಗೆ ಬರುತ್ತದೆ. ಒಂದು ತಾಯಿಯ ವಂಶದ ಹೆಂಗಸರೆಲ್ಲ ಹಿಂದೆ ಅದರಲ್ಲೇ ಇದ್ದರು. ಹಿಂಭಾಗದಲ್ಲಿ ಸಾಲಾಗಿ ಕೋಣೆಗಳು, ಮದುವೆಯಾದ ಒಬ್ಬೊಬ್ಬ ಹೆಣ್ಣಿಗೆ ಒಂದೊಂದು. ಹೊಸ ಮದುವಣಗಿತ್ತಿಗೆ ತುದಿಯ ಕೋಣೆ. ಮುಂದಿನ ತಂಗಿಯ ಮದುವೆಯಾದಾಗ ಅಕ್ಕ ಒಂದು ಕೋಣೆ ಈಚೆಗೆ ಸರಿಯುತ್ತಾಳೆ.

ಗಂಡುಮಕ್ಕಳಿಗೆ ಕೋಣೆ ಇಲ್ಲ. ಏಳೆಂಟು ವರ್ಷವಾದರೆ ಹುಡುಗರು ರಾತ್ರಿ ಮಲಗುವುದು 'ಸೂರಾವ್'ನಲ್ಲಿ. ಅದು ಪ್ರಾರ್ಥನೆ, ಓದು, ಕಾದಾಟದ ಕಲೆ ಎಲ್ಲ ನಡೆಯುವ ಜಾಗ. ಹೆಂಡತಿ ಬಿಟ್ಟ ಗಂಡಸು, ಹೆಂಡತಿ ಸತ್ತ ಮುದುಕ ಇವರೂ ಅಲ್ಲಿಗೇ ವಾಪಸ್. ಒಬ್ಬ ಅಜ್ಜ ನನಗೆ ತಾನು ಹುಟ್ಟಿದ ಮನೆ ತೋರಿಸುತ್ತಾ, ತನ್ನದು ಅನ್ನುವ ಮೂಲೆ ಯಾವುದೂ ಅದರಲ್ಲಿಲ್ಲ ಅಂದಾಗ ಏನು ಹೇಳಬೇಕೋ ತೋಚಲಿಲ್ಲ. ಹೆಂಗಸರ ಆಸ್ತಿಯ ಬಗ್ಗೆ ಸಂತೋಷದಿಂದ ಮಾತಾಡುವಾಗ ಈ ಮೂಲೆಯನ್ನೂ ನೆನೆಯಬೇಕು.

ಚಾವಣಿಗೆ ಹಿಂದೆ ತಾಳೆ ಜಾತಿಯ ಮರದ ಕಪ್ಪು ನಾರು ಹೊದಿಸುತ್ತಿದ್ದರು. ಚೆಂದ ಹೌದು, ಬೆಂಕಿಗೆ ಸುಲಭ. 2007ರ ಫೆಬ್ರವರಿಯಲ್ಲಿ ಪಗಾರುಯುಂಗ್ ಅರಮನೆ ಸಿಡಿಲು ಬಡಿದು ಸುಟ್ಟುಹೋಯಿತು, ಆಮೇಲೆ ಮತ್ತೆ ಕಟ್ಟಿದರು. ಈಗ ಹಳ್ಳಿಗಳಲ್ಲಿ ಜಿಂಕ್ ಶೀಟೇ ಜಾಸ್ತಿ. ಎಷ್ಟೋ ದೊಡ್ಡ ಮನೆಗಳು ಖಾಲಿ. ಮದುವೆ, ಸಾವು, ದಾತುಕ್ ಪಟ್ಟ ಕಟ್ಟುವಾಗ ಮಾತ್ರ ಬಾಗಿಲು ತೆಗೆಯುತ್ತಾರೆ.

ಯುವಕರೆಲ್ಲ ಊರು ಬಿಡ್ತಾರೆ ಅಂತಾರಲ್ಲ, ಬಡತನಕ್ಕಾ?

ಬಡತನಕ್ಕೆ ಮಾತ್ರ ಅಲ್ಲ. 'ಮರಂತಾವ್' ಅಂದರೆ ಊರು ಬಿಟ್ಟು ದುಡಿಯಲು ಹೋಗುವುದು. ಊರಲ್ಲಿ ಇನ್ನೂ ಉಪಯೋಗಕ್ಕೆ ಬಾರದ ಹುಡುಗ ಮೊದಲು ಹೊರಗೆ ಹೋಗಿ ಬರಲಿ ಅಂತ ಅವರ ಹಳೆಯ ಪದ್ಯವೇ ಹೇಳುತ್ತದೆ. ಹುಡುಗನಿಗೆ ಗದ್ದೆ ಇಲ್ಲ, ಕೋಣೆ ಇಲ್ಲ. ಹೋಗದೆ ಏನು ಮಾಡುತ್ತಾನೆ? ಇಂಡೋನೇಷ್ಯಾದ ಯಾವ ಪೇಟೆಗೆ ಹೋದರೂ ಪಾದಾಂಗ್ ಊಟದ ಹೋಟೆಲ್ ಇರುತ್ತದಲ್ಲ, ಅದು ಇವರ ಕೆಲಸ. ದೇಶದ ಮೊದಲ ಉಪಾಧ್ಯಕ್ಷ ಮೊಹಮ್ಮದ್ ಹತ್ತಾ ಹುಟ್ಟಿದ್ದು ಬುಕಿತ್ತಿಂಗಿಯಲ್ಲಿ, 1902ರಲ್ಲಿ. ಅವರೂ ಹೊರಗೆ ಹೋಗಿಯೇ ದೊಡ್ಡವರಾದರು.

ಈಗ ಹೆಣ್ಣುಮಕ್ಕಳೂ ಹೋಗುತ್ತಾರೆ. ಈದ್ ಹಬ್ಬಕ್ಕೆ ಎಲ್ಲರೂ ವಾಪಸ್. ಆ ಒಂದು ವಾರ ಹಳ್ಳಿಯ ರಸ್ತೆಯಲ್ಲಿ ಕಾರು ನಿಲ್ಲಿಸಲು ಜಾಗ ಇರುವುದಿಲ್ಲ. ಮಸೀದಿಯ ಹೊಸ ಗೋಡೆ, ದೊಡ್ಡ ಮನೆಯ ಹೊಸ ಶೀಟು, ಶಾಲೆಯ ಶೌಚಾಲಯ ಹೀಗೆ ಬಹಳಷ್ಟು ಅವರ ದುಡ್ಡಿನಲ್ಲೇ ಆಗುತ್ತದೆ.

ನಮ್ಮಲ್ಲಿ ಥರ ಸೋದರಮಾವನ ಮಗಳನ್ನ ಮದುವೆ ಆಗ್ತಾರಾ?

ಆಗುತ್ತಾರೆ. 'ಮಾಮಾಕ್ ಮನೆಗೆ ಮರಳುವುದು' ಅಂತ ಅದಕ್ಕೆ ಹೆಸರು. ಸೋದರತ್ತೆಯ ಮಗಳನ್ನು ಆದರೆ 'ಬಾಕೊ ಮನೆಗೆ ಮರಳುವುದು'. ಬಾಕೊ ಅಂದರೆ ಅಪ್ಪನ ಕಡೆಯವರು. ಎರಡೂ ಹಿಂದೆ ಒಳ್ಳೆಯ ಸಂಬಂಧ ಅನ್ನಿಸಿಕೊಂಡಿದ್ದವು. ಈಗ ಕಡಿಮೆಯಾಗಿದೆ.

ಮುಸ್ಲಿಮರು ಅಂತೀರಿ, ಆಸ್ತಿ ತಾಯಿ ಕಡೆಯಿಂದ ಅಂತೀರಿ. ಹೇಗೆ ಕೂಡುತ್ತೆ?

ಸುಲಭವಾಗಿ ಕೂಡಲಿಲ್ಲ. 19ನೇ ಶತಮಾನದ ಆರಂಭದಲ್ಲಿ ಧರ್ಮಸುಧಾರಕರಿಗೂ ಹಳೆಯ ಕಟ್ಟಳೆಯವರಿಗೂ 'ಪಾದ್ರಿ' ಯುದ್ಧವೇ ಆಯಿತು (ಪಾದ್ರಿ ಅನ್ನುವುದು ಆ ಸುಧಾರಕರ ಹೆಸರು, ಚರ್ಚಿನ ಪಾದ್ರಿ ಅಲ್ಲ). ನಡುವೆ ಡಚ್ಚರು ನುಗ್ಗಿ ನಾಡನ್ನೇ ಹಿಡಿದರು. ಆಮೇಲೆ ಮೆಕ್ಕಾದಲ್ಲಿದ್ದ ಇದೇ ನಾಡಿನ ವಿದ್ವಾಂಸ ಅಹ್ಮದ್ ಖತೀಬ್, ಈ ಅಳಿಯಕಟ್ಟನ್ನು ಕಟುವಾಗಿ ಟೀಕಿಸಿದರು.

ಕೊನೆಗೆ ಎರಡೂ ಕಡೆಯವರು ಒಂದು ದಾರಿ ಕಂಡುಕೊಂಡರು. 1952ರಲ್ಲಿ ಬುಕಿತ್ತಿಂಗಿಯಲ್ಲಿ ಧರ್ಮಗುರುಗಳು, ಸುಕುವಿನ ಹಿರಿಯರು, ಓದಿದವರು ಕೂತು ಮಾತಾಡಿದರು. ಹಿರಿಯರಿಂದ ಬಂದ ದೊಡ್ಡ ಪುಸಾಕೊ ತಾಯಿಯ ವಂಶದಲ್ಲೇ ಇಳಿಯಲಿ, ಒಬ್ಬ ತಾನೇ ದುಡಿದು ಗಳಿಸಿದ್ದು ಇಸ್ಲಾಮಿನ ಲೆಕ್ಕದಂತೆ ಅವನ ಮಕ್ಕಳಿಗೆ ಹೋಗಲಿ ಅಂತ ಒಪ್ಪಿದರು. ಗದ್ದೆ ಯಾವ ಒಬ್ಬನ ಆಸ್ತಿಯೂ ಅಲ್ಲ, ಹಾಗಾಗಿ ಅದು ಪಾಲಾಗಬೇಕಾದ ಸ್ವತ್ತೇ ಅಲ್ಲ ಅನ್ನುವುದು ಬಹಳ ಜನ ಹೇಳುವ ವಿವರಣೆ. "ಕಟ್ಟಳೆಗೆ ಧರ್ಮವೇ ಬುನಾದಿ, ಧರ್ಮಕ್ಕೆ ಕುರಾನೇ ಬುನಾದಿ" ಅನ್ನುವ ಮಾತು ಅಲ್ಲಿ ಮಗುವಿಗೂ ಗೊತ್ತು.

## ಜಮೀನು, ದುಡ್ಡು, ಕಾಗದ

ಪಹಣಿ ಥರ ಏನಾದ್ರೂ ಇದ್ಯಾ? ಗದ್ದೆ ಯಾರ ಹೆಸರಲ್ಲಿರುತ್ತೆ?

ಹೆಚ್ಚಿನ ಪುಸಾಕೊ ಜಮೀನಿಗೆ ಸರ್ಕಾರಿ ಪ್ರಮಾಣಪತ್ರ ಇಲ್ಲ. ಇರುವುದು 'ರಂಜಿ', ಅಂದರೆ ವಂಶವೃಕ್ಷ. ಮೂಲದ ಅಜ್ಜಿಯಿಂದ ಶುರುವಾಗಿ ಹೆಣ್ಣಿನ ಮೂಲಕ ಕೆಳಗಿಳಿಯುತ್ತದೆ. ಈ ರಂಜಿಗೆ ಪಂಗುಲು ಮತ್ತು ನಗರಿಯ ಹಿರಿಯರ ಸಭೆಯ ಸಹಿ ಬೇಕು. ಇದರ ಜೊತೆಗೆ ಗಡಿಯ ನೆನಪು ಇರುತ್ತದೆ, ಈ ಕಲ್ಲು, ಆ ಬಿದಿರು, ಆ ತೋಡು.

ನಗರಿಯ ಎಲ್ಲರದ್ದೂ ಆದ ಕಾಡು, ಹುಲ್ಲುಗಾವಲಿಗೆ 'ಉಲಾಯತ್' ಅನ್ನುತ್ತಾರೆ. ಸುಕುವಿಗೆ ಬೇರೆ, ಕಾವುಮ್‌ಗೆ ಬೇರೆ ಉಲಾಯತ್ ಇದೆ. 1960ರ ಇಂಡೋನೇಷ್ಯಾ ಭೂಕಾನೂನು ಇಂಥ ಸಾಮೂಹಿಕ ಹಕ್ಕನ್ನು ಒಪ್ಪುತ್ತದೆ, ಆದರೆ ಅದು ನಿಜವಾಗಿ ಬಳಕೆಯಲ್ಲಿ ಇರಬೇಕು ಮತ್ತು ದೇಶದ ಹಿತಕ್ಕೆ ಅಡ್ಡ ಬರಬಾರದು ಅನ್ನುತ್ತದೆ. ಆ ಷರತ್ತಿನ ಸುತ್ತಲೇ ಎಷ್ಟೋ ವ್ಯಾಜ್ಯಗಳಿವೆ.

ಮಾರೋ ಹಾಗಿಲ್ಲ ಅಂದ್ರೆ, ಕಷ್ಟ ಬಂದಾಗ ದುಡ್ಡಿಗೆ ಏನು ಮಾಡ್ತಾರೆ?

ಭೋಗ್ಯಕ್ಕೆ ಹಾಕುತ್ತಾರೆ. 'ಪಾಗಾಂಗ್ ಗಾದೈ' ಅಂತ ಹೆಸರು. ದುಡ್ಡು ಕೊಟ್ಟವನು ಗದ್ದೆ ಉಣ್ಣುತ್ತಾನೆ, ದುಡ್ಡು ವಾಪಸ್ ಕೊಟ್ಟ ದಿನ ಗದ್ದೆ ವಾಪಸ್. ಬಡ್ಡಿ ಬೇರೆ ಇಲ್ಲ, ಬೆಳೆಯೇ ಬಡ್ಡಿ. ಸಾಲವನ್ನು ಬಹಳ ಕಡೆ ಚಿನ್ನದಲ್ಲಿ ಲೆಕ್ಕ ಹಾಕುತ್ತಾರೆ. ಅಲ್ಲಿ ಒಂದು 'ಎಮಾಸ್' ಅಂದರೆ ಎರಡೂವರೆ ಗ್ರಾಂ. ಅಲ್ಲಿನ ಹಣ ರುಪಿಯಾದ ಬೆಲೆ ಇಳಿದರೂ ಕೊಟ್ಟವನಿಗೆ ನಷ್ಟ ಆಗದಿರಲಿ ಅಂತ ಮಾಡಿದ್ದು. ಚಿನ್ನದ ಬೆಲೆ ಏರಿದರೆ ಗದ್ದೆ ಬಿಡಿಸಿಕೊಳ್ಳುವವರ ಗತಿ ಕಷ್ಟ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಮ್ಮ ಇಟ್ಟ ಗದ್ದೆಯನ್ನು ಬಿಡಿಸಲು ಮೂರು ಹೆಣ್ಣುಮಕ್ಕಳು ವರ್ಷಗಟ್ಟಲೆ ಸೇರಿಸಿಟ್ಟ ದುಡ್ಡು, ಚಿನ್ನದಂಗಡಿಗೆ ಹೋದಾಗ ಸಾಲದೆ ಬಂತು.

ಹಾಗೆ ಅಡವಿಡಲೂ ಕಟ್ಟಳೆ ನಾಲ್ಕೇ ಕಾರಣ ಒಪ್ಪುತ್ತದೆ. ದೊಡ್ಡ ಮನೆ ಸೋರುತ್ತಿದ್ದರೆ. ಪ್ರಾಯಕ್ಕೆ ಬಂದ ಹುಡುಗಿಗೆ ಮದುವೆ ಆಗದಿದ್ದರೆ. ಮನೆಯಲ್ಲಿ ಹೆಣ ಮಲಗಿದ್ದು ಸಂಸ್ಕಾರಕ್ಕೆ ದುಡ್ಡಿಲ್ಲದಿದ್ದರೆ. ಮತ್ತೆ 'ಮುಳುಗಿದ ದಿಮ್ಮಿ ಎತ್ತುವುದಕ್ಕೆ', ಅಂದರೆ ಬಹಳ ಕಾಲ ಖಾಲಿ ಬಿದ್ದ ದಾತುಕ್ ಪಟ್ಟವನ್ನು ಮತ್ತೆ ಕಟ್ಟುವುದಕ್ಕೆ. ಈ ನಾಲ್ಕನ್ನು ಓದಿದರೆ ಆ ಜನ ಯಾವುದಕ್ಕೆ ಬೆಲೆ ಕೊಟ್ಟರು ಅಂತ ಗೊತ್ತಾಗುತ್ತದೆ, ಅಲ್ವಾ? ಈಗ ಕಾಲೇಜು ಫೀಸಿಗೂ ಆಸ್ಪತ್ರೆಗೂ ಇಡುತ್ತಾರೆ. ಕಾವುಮ್ ಒಪ್ಪಿದರೆ ಆಯಿತು.

1960ರ ಒಂದು ಶಾಸನದ ಪ್ರಕಾರ ಏಳು ವರ್ಷ ಉಂಡ ಅಡವಿನ ಜಮೀನನ್ನು ದುಡ್ಡು ಕೇಳದೆ ವಾಪಸ್ ಕೊಡಬೇಕು. ಹಳ್ಳಿಯಲ್ಲಿ ಇದನ್ನು ಎತ್ತಿದರೆ ಯಾರೂ ಒಪ್ಪುವುದಿಲ್ಲ. ದುಡ್ಡು ಕೊಡದೆ ಗದ್ದೆ ಕೇಳುವುದು ಅವರ ಕಣ್ಣಲ್ಲಿ ನಾಚಿಕೆಗೇಡು.

ನೋಟ ಚೆನ್ನಾಗಿದೆ ಅಂತೀರಿ. ನಾನು ಅಲ್ಲೊಂದು ಸೈಟು ತಗೋಬಹುದಾ?

ಆಗುವುದಿಲ್ಲ. ಪೂರ್ಣ ಮಾಲೀಕತ್ವದ ಹಕ್ಕು, 'ಹಕ್ ಮಿಲಿಕ್', ಇಂಡೋನೇಷ್ಯಾದ ಪ್ರಜೆಗಳಿಗೆ ಮಾತ್ರ. ಅಲ್ಲೇ ನೆಲೆಸಿದ ವಿದೇಶಿಯರಿಗೆ ಕಾಲಮಿತಿಯ 'ಹಕ್ ಪಕಾಯಿ' ಎಂಬ ಬಳಕೆಯ ಹಕ್ಕು ಸಿಗಬಹುದು. ಅದೂ ಪ್ರಮಾಣಪತ್ರ ಇರುವ ಜಾಗಕ್ಕೆ.

"ಅಲ್ಲಿಯ ಗೆಳೆಯನ ಹೆಸರಲ್ಲಿ ತಗೊಂಡ್ರೆ?" ಅಂತ ಮುಂದಿನ ಪ್ರಶ್ನೆ ಬರುತ್ತದೆ. ದಯವಿಟ್ಟು ಬೇಡ. ಬೇರೆಯವರ ಹೆಸರಲ್ಲಿ ವಿದೇಶಿ ಜಮೀನು ಹಿಡಿದರೆ ಆ ವ್ಯವಹಾರವೇ ಕಾನೂನಿನಲ್ಲಿ ಅಸಿಂಧು. ಜಮೀನು ಸರ್ಕಾರಕ್ಕೆ ಹೋಗುತ್ತದೆ, ಕೊಟ್ಟ ದುಡ್ಡೂ ಹೋಗುತ್ತದೆ. ಪುಸಾಕೊ ಜಮೀನಾದರೆ ಇನ್ನೂ ಕಷ್ಟ. ಒಬ್ಬ ಮಾರಿದ ಅಂತ ನೀವು ನಂಬಿದ್ದರೂ ಜಕಾರ್ತಾದಲ್ಲಿ ದುಡಿಯುವ ಅವನ ಅಕ್ಕನ ಮಗಳು ಹತ್ತು ವರ್ಷ ಬಿಟ್ಟು ಬಂದು, ನನ್ನ ಸಹಿ ಎಲ್ಲಿ ಅಂತ ಕೇಳಬಹುದು. ಅವಳು ಕೇಳುವುದು ನ್ಯಾಯವೇ.

ಇರಬೇಕು ಅಂದರೆ ಬಾಡಿಗೆಗೆ ಇರಿ. ಮನೆಯ ಹಿರಿಯ ಹೆಂಗಸು, ಮಾಮಾಕ್ ಇಬ್ಬರ ಮುಂದೆಯೂ ಮಾತಾಡಿ. ಊರ ಮುಖ್ಯಸ್ಥ 'ವಾಲಿ ನಗರಿ'ಗೆ ತಿಳಿಸಿ. ನಾನು ಹಾಗೇ ಇದ್ದೆ.

ಅಲ್ಲಿಯವರನ್ನೇ ಮದುವೆ ಆದ್ರೆ ಜಮೀನು ಸಿಗುತ್ತಾ?

ನಿಮಗೆ ಸಿಗುವುದಿಲ್ಲ. ಗಂಡ ಹೆಂಡತಿಯ ಆಸ್ತಿ ಒಂದೇ ಅಂತ ಲೆಕ್ಕವಾದರೆ, ಇಂಡೋನೇಷ್ಯಾದ ಸಂಗಾತಿಗೂ ಹಕ್ ಮಿಲಿಕ್ ಹಿಡಿಯುವುದು ಕಷ್ಟವಾಗುತ್ತಿತ್ತು. ಆಸ್ತಿ ಬೇರೆ ಅಂತ ಮದುವೆಗೆ ಮೊದಲೇ ಒಪ್ಪಂದ ಮಾಡಬೇಕಿತ್ತು. 2016ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ, ಮದುವೆಯ ನಂತರವೂ ಅಂಥ ಒಪ್ಪಂದ ಮಾಡಬಹುದು ಅಂತ ತೀರ್ಪು ಕೊಟ್ಟಿತು. ನೋಟರಿಯ ಹತ್ತಿರ ಹೋಗಿ ಮಾಡಿಸಿಕೊಳ್ಳಿ.

ಇನ್ನೊಂದು ಸೂಕ್ಷ್ಮ ಇದೆ. ಮಿನಾಂಗ್ ಗಂಡಸು ಬೇರೆ ನಾಡಿನ ಹೆಣ್ಣನ್ನು ಮದುವೆಯಾದರೆ ಅವರ ಮಕ್ಕಳಿಗೆ ಸುಕು ಇರುವುದಿಲ್ಲ, ಪುಸಾಕೊ ಇರುವುದಿಲ್ಲ. ಮಿನಾಂಗ್ ಹೆಣ್ಣಿನ ಮಕ್ಕಳಿಗೆ ಅಪ್ಪ ಯಾರೇ ಆದರೂ ಎರಡೂ ಇರುತ್ತದೆ.

ಹೊರಗಿನವರು ಯಾವತ್ತೂ ಹೊರಗಿನವರೇನಾ?

ಅಲ್ಲ. 'ಮಲಾಕೋಕ್' ಅನ್ನುವ ದಾರಿ ಇದೆ, ಅಂದರೆ ಅಂಟಿಕೊಳ್ಳುವುದು. ಬೇರೆ ನಾಡಿನಿಂದ ಬಂದು ನೆಲೆಸುವವನು ಒಂದು ಸುಕುವಿನ ಪಂಗುಲುವನ್ನು ಮಾಮಾಕ್ ಅಂತ ಒಪ್ಪಿಕೊಳ್ಳುತ್ತಾನೆ. ಕಟ್ಟಳೆಯ ಕಾಣಿಕೆ ಕೊಟ್ಟು, ಊರಿಗೆ ಊಟ ಹಾಕುತ್ತಾನೆ. ಆಮೇಲೆ ಅವನು ಆ ಸುಕುವಿನ ಸೋದರಳಿಯ. ಉಳಲು ಜಾಗ ಸಿಗಬಹುದು. ಆದರೆ ಮೂಲದವರಿಗೂ ಅಂಟಿಕೊಂಡವರಿಗೂ ಇರುವ ವ್ಯತ್ಯಾಸವನ್ನು ಹಳ್ಳಿ ತಲೆಮಾರುಗಟ್ಟಲೆ ಮರೆಯುವುದಿಲ್ಲ. ಪಟ್ಟದ ಮಾತು ಬಂದಾಗ ಅದು ಮೇಲೆ ಬರುತ್ತದೆ.

ಸರ್ಕಾರಿ ಸರ್ಟಿಫಿಕೇಟ್ ಮಾಡಿಸಿದ್ರೆ ಜಗಳ ಮುಗಿಯಲ್ವಾ?

ಕೆಲವು ಮುಗಿಯುತ್ತವೆ, ಕೆಲವು ಶುರುವಾಗುತ್ತವೆ. ಪ್ರಮಾಣಪತ್ರ ಇದ್ದರೆ ಬ್ಯಾಂಕ್ ಸಾಲ ಕೊಡುತ್ತದೆ. ಆದರೆ ಒಬ್ಬರ ಹೆಸರಲ್ಲಿ ಕಾಗದ ಬಂದ ದಿನದಿಂದ ಅವರು ಮಾರಬಹುದು, ಅವರ ಮಕ್ಕಳು ತಮ್ಮದೇ ಅನ್ನಬಹುದು. ಮಾಮಾಕ್ ಒಬ್ಬನ ಹೆಸರಲ್ಲಿ ಮಾಡಿಸಿ, ಅವನು ತೀರಿದ ಮೇಲೆ ಅವನ ಹೆಂಡತಿ ಮಕ್ಕಳಿಗೂ ಅಕ್ಕತಂಗಿಯರ ಮಕ್ಕಳಿಗೂ ಕೋರ್ಟು ಹತ್ತುವ ಜಗಳಗಳಿವೆ. ಕಾವುಮ್‌ನ ಎಲ್ಲರ ಹೆಸರೂ ಸೇರಿಸಿ ಮಾಡಿಸುವುದು ಒಂದು ದಾರಿ. 2023ರಲ್ಲಿ ತಾನಾ ದಾತಾರ್‌ನ ಸುಂಗಾಯಾಂಗ್ ನಗರಿಗೆ ಉಲಾಯತ್ ಜಮೀನಿನ ಪ್ರಮಾಣಪತ್ರವನ್ನು ಸಮುದಾಯದ ಹೆಸರಿನಲ್ಲೇ ಕೊಟ್ಟರು. ನನಗೆ ಈ ದಾರಿ ಸರಿ ಅನ್ನಿಸುತ್ತದೆ. ಕಾಗದ ಬೇಕು, ಆದರೆ ಒಂದು ಹೆಸರಿನ ಕಾಗದ ಬೇಡ.

ಸರ್ಕಾರ ಒಬ್ಬೊಬ್ಬರನ್ನೇ ಲೆಕ್ಕ ಹಿಡಿಯುವುದು ಇಲ್ಲಿ ಹೊಸ ಗಾಯವೂ ಅಲ್ಲ. 1908ರಲ್ಲಿ ಡಚ್ಚರು ಕಾಫಿ ಬೆಳೆ ಬಿಟ್ಟು ನೇರ ತೆರಿಗೆ ಹಾಕಿದಾಗ, ಅಗಾಮ್‌ನ ಕಮಾಂಗ್ ಹಳ್ಳಿಯ ಜನ ಎದ್ದು ನಿಂತು ಪ್ರಾಣ ಕೊಟ್ಟರು.

ನಮ್ಮ ಅಳ್ಯಕಟ್ಟು ಹೋಯ್ತು. ಅವರದ್ದು ಯಾಕೆ ಉಳೀತು?

ಈ ಪ್ರಶ್ನೆ ಕೇಳುವವರು ಸಾಮಾನ್ಯವಾಗಿ ಮಂಗಳೂರು, ಉಡುಪಿ ಕಡೆಯವರು. ನಾನೂ ಇದನ್ನೇ ಕೇಳಿಕೊಂಡು ಹೋದವಳು.

ಮೊದಲ ಕಾರಣ ಕಾನೂನು. ನಮ್ಮಲ್ಲಿ 1949ರ ಅಳಿಯಸಂತಾನ ಕಾಯ್ದೆ ಪ್ರತಿ ಕವರಿಗೆ, ಅಂದರೆ ಕುಟುಂಬದೊಳಗಿನ ಒಬ್ಬೊಬ್ಬ ಹೆಣ್ಣಿನ ಸಂತಾನದ ಕವಲಿಗೆ, ಪಾಲು ಕೇಳುವ ಹಕ್ಕು ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಒಬ್ಬೊಬ್ಬರ ಅಂಶವೂ ಅವರವರ ವಾರಸುದಾರರಿಗೆ ಇಳಿಯತೊಡಗಿತು. ಎರಡು ತಲೆಮಾರಿನಲ್ಲಿ ಕುಟುಂಬದ ಆಸ್ತಿ ಪಾಲುಪಟ್ಟಿಯಾಯಿತು. ಅಲ್ಲಿ ಹಾಗೆ ಒಡೆಯುವ ಕಾನೂನು ಬರಲಿಲ್ಲ. ಭೂಕಾನೂನೇ ಕಟ್ಟಳೆಯನ್ನು ತಳಹದಿ ಅಂದಿತು.

ಎರಡನೆಯದು 1952ರ ಆ ಒಪ್ಪಂದ. ಗಂಡಸು ತನ್ನ ದುಡಿಮೆಯನ್ನು ಮಕ್ಕಳಿಗೆ ಕೊಡಬಹುದು ಅಂತಾದ ಮೇಲೆ ಅವನಿಗೆ ಗದ್ದೆಯ ಮೇಲೆ ಸಿಟ್ಟು ಉಳಿಯಲಿಲ್ಲ. ನಮ್ಮಲ್ಲಿ ಯಜಮಾನನಾದ ಮಾವನಿಗೂ ಅವನ ಸ್ವಂತ ಮಕ್ಕಳಿಗೂ ನಡುವೆ ಇದ್ದ ಎಳೆದಾಟ ಅಲ್ಲಿ ಅಷ್ಟು ಬಿಗಿಯಾಗಲಿಲ್ಲ.

ಮೂರನೆಯದು ಮರಂತಾವ್. ಹೊರಗೆ ಹೋದವರಿಗೆ ಗದ್ದೆಯ ಆದಾಯ ಬೇಕಿಲ್ಲ, ಆದರೆ ಬಂದು ಇಳಿಯಲು ಒಂದು ಮನೆ ಬೇಕು. ಮಾರಿಬಿಟ್ಟರೆ ಆ ಮನೆ ಇರುವುದಿಲ್ಲ.

ಬಾಡಿಗೆ ಮನೆಯ ಏತೆಕ್ ಹತ್ತಿರ ನಮ್ಮ ಅಜ್ಜಿಮನೆಯ ಪಾಲಿನ ಕಥೆ ಹೇಳಿದ್ದೆ. ಗದ್ದೆ ಏಳು ತುಂಡಾಗಿದ್ದು, ಐದು ಮಾರಿಹೋಗಿದ್ದು, ಮನೆ ಬೀಳಿಸಿದ್ದು. ಅವರು ಭತ್ತ ಕೇರುವುದನ್ನು ನಿಲ್ಲಿಸಿ ಕೇಳಿದರು, "ಹಾಗಾದರೆ ನಿನ್ನ ಅಕ್ಕ ಗಂಡನನ್ನು ಬಿಟ್ಟು ಬಂದರೆ ಎಲ್ಲಿಗೆ ಬರುತ್ತಾಳೆ?" ನಮ್ಮ ಅಕ್ಕ ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದಾಳೆ ಅಂದೆ. ಅವರು ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, ಮುಂದಿನ ಸಲ ಅವಳನ್ನೂ ಕರ್ಕೊಂಡು ಬಾ, ತುದಿಯ ಕೋಣೆ ಖಾಲಿ ಇದೆ ಅಂದರು.